ಓರೆಗಾನ್ ಟ್ರೇಲ್‌ನ ಗಾಲಿ ಜಾಡು ನೋಡಲು ಹೊರಡುವವರಿಗೆ

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ವಲಸಿಗರು ಗಾಡಿ ಕಟ್ಟಿಕೊಂಡು ಪಶ್ಚಿಮದ ಓರೆಗಾನ್ ಕಡೆಗೆ ಹೋದ ದಾರಿಯೇ ಓರೆಗಾನ್ ಟ್ರೇಲ್. ಅದನ್ನು ನೋಡಲು ರಜೆ ಮೂರೇ ದಿನ ಇದ್ದರೆ ಡೆನ್ವರ್‌ಗೆ ವಿಮಾನದಲ್ಲಿ ಹೋಗಿ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ಅಲ್ಲಿಂದ ನೆಬ್ರಾಸ್ಕಾದ ಸ್ಕಾಟ್ಸ್‌ಬ್ಲಫ್ ಸುಮಾರು 200 ಮೈಲಿ. ಒಂದು ವಾರ ಸಿಗುವುದಾದರೆ ಮಾತ್ರ ನಮ್ಮ ಹಾಗೆ ಶಿಕಾಗೋದಿಂದಲೇ ರಸ್ತೆಯಲ್ಲಿ ಹೊರಡಿ. ಆ ನಗರ ನೋಡದೆ ಪಶ್ಚಿಮದ ಕಥೆ ಪೂರ್ತಿ ತಿಳಿಯುವುದಿಲ್ಲ.

1833ರಲ್ಲಿ ಶಿಕಾಗೋ ಸುಮಾರು 350 ಜನರ ಕೆಸರಿನ ಊರು. 1871ರ ಬೆಂಕಿಯಲ್ಲಿ ನಗರದ ನಡುಭಾಗವೇ ಸುಟ್ಟುಹೋದರೂ 1890ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 10 ಲಕ್ಷ ದಾಟಿತ್ತು. ಪಶ್ಚಿಮಕ್ಕೆ ಹೋದವರು ಬೆಳೆದ ಗೋಧಿ, ಮೆಕ್ಕೆಜೋಳ, ಸಾಕಿದ ದನ ಎಲ್ಲವೂ ರೈಲಿನಲ್ಲಿ ಇಲ್ಲಿಗೇ ಬಂದವು. ಅವರ ಮನೆಗೆ ಬೇಕಾದ ಮರ ಇಲ್ಲಿಂದಲೇ ಹೋಯಿತು. ಶಿಕಾಗೋ ಹಿಸ್ಟರಿ ಮ್ಯೂಸಿಯಂನಲ್ಲಿ 1848ರಲ್ಲಿ ಈ ನಗರದಿಂದ ಓಡಿದ ಮೊದಲ ರೈಲು ಎಂಜಿನ್ ‘ಪಯೋನಿಯರ್’ ಇದೆ. ಅರ್ಧ ದಿನ ಸಾಕು, ಆದರೆ ಬಿಡಬೇಡಿ.

ಮೊದಲ ರಾತ್ರಿ ಒಮಾಹಾದಲ್ಲಿ ತಂಗಿ. ಮರುದಿನದ 450 ಮೈಲಿ ಬರೀ ಬಯಲು. ನಾವು ಅದನ್ನು ಒಂದೇ ಉಸಿರಿಗೆ ಮುಗಿಸಲು ಹೋಗಿ ಮಕ್ಕಳನ್ನು ಸುಸ್ತು ಮಾಡಿದೆವು. ನಡುವೆ ಕರ್ನಿಯಲ್ಲೋ ನಾರ್ತ್ ಪ್ಲಾಟ್‌ನಲ್ಲೋ ಎರಡು ಗಂಟೆ ನಿಲ್ಲಿ. ಸಸ್ಯಾಹಾರಿಗಳಿಗೆ ದಾರಿಯಲ್ಲಿ ಆಯ್ಕೆ ಬಹಳ ಕಡಿಮೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ನಮ್ಮನ್ನು ಕಾಪಾಡಿದವು.

ಸ್ಕಾಟ್ಸ್‌ಬ್ಲಫ್‌ನಲ್ಲಿ ಎಲ್ಲರೂ ಬೆಟ್ಟ ಹತ್ತುತ್ತಾರೆ, ನೀವೂ ಹತ್ತಿ. ಆದರೆ ಊರಿನ ಅಂಚಿಗೆ, ರೈಲು ಹಳಿಯ ಪಕ್ಕಕ್ಕೆ ಹೋಗಿ ರೆಬೆಕಾ ವಿಂಟರ್ಸ್ ಸಮಾಧಿಯನ್ನು ಖಂಡಿತ ನೋಡಿ. ಇದೇ ದಾರಿಯಲ್ಲಿ ಯೂಟಾಗೆ ಹೊರಟಿದ್ದ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಈ ಹೆಂಗಸು 1852ರ ಆಗಸ್ಟ್‌ನಲ್ಲಿ ಇಲ್ಲಿ ಕಾಲರಾದಿಂದ ತೀರಿಕೊಂಡಳು. ಜೊತೆಯಲ್ಲಿದ್ದವರು ಗಾಡಿಯ ಗಾಲಿಗೆ ಕಟ್ಟುವ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ಅದರ ಮೇಲೆ ಉಳಿಯಿಂದ ಹೆಸರೂ 50 ಎಂಬ ವಯಸ್ಸೂ ಕೊರೆದು ನೆಟ್ಟರು. ಆ ದಾರಿಯಲ್ಲಿ ಸತ್ತ ಸಾವಿರಾರು ಜನರ ಗೋರಿಗಳಿಗೆ ಗುರುತೇ ಉಳಿದಿಲ್ಲ. ಈ ಪಟ್ಟಿ ಉಳಿದದ್ದರಿಂದ ಮುಂದೆ ರೈಲು ದಾರಿ ಹಾಕಲು ಬಂದವರು ಸಮಾಧಿಯನ್ನು ಕಾಪಾಡಿದರು. 1995ರಲ್ಲಿ ಅದನ್ನು ಹಳಿಯಿಂದ ಸ್ವಲ್ಪ ದೂರಕ್ಕೆ ಸ್ಥಳಾಂತರಿಸಿದರು. ನನ್ನ ಹೆಂಡತಿ ಅಲ್ಲಿ ಬಹಳ ಹೊತ್ತು ಕೂತಿದ್ದಳು.

ಅಲ್ಲಿಂದ ಒಂದು ಗಂಟೆ ಓಡಿಸಿದರೆ ವಯೋಮಿಂಗ್‌ನ ಹಳೆಯ ಸೇನಾ ನೆಲೆ ಫೋರ್ಟ್ ಲಾರಮಿ. ಅಮೆರಿಕ ಸರ್ಕಾರಕ್ಕೂ ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಿಗೂ ಆದ 1868ರ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿ. ಬ್ಲ್ಯಾಕ್ ಹಿಲ್ಸ್ ಬೆಟ್ಟಸೀಮೆ ಲಕೋಟಾ ಜನರದ್ದೆಂದು ಸರ್ಕಾರ ಮಾತು ಕೊಟ್ಟಿತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಮಾತು ಮುರಿಯಿತು. ವಲಸೆ ಬಂದವರಿಗೆ ಸಿಕ್ಕ ‘ಖಾಲಿ’ ನೆಲ ಯಾರದಾಗಿತ್ತು ಎಂದು ಮಕ್ಕಳಿಗೆ ಇಲ್ಲೇ ಹೇಳಿಬಿಡಿ.

ಇನ್ನು ವಯೋಮಿಂಗ್‌ನದೇ ಊರು ಗರ್ನ್‌ಸಿ, ಗಾಲಿ ಜಾಡು ಇರುವುದು ಇಲ್ಲಿ. ಇಡೀ ಪ್ರಯಾಣದಲ್ಲಿ ಒಂದೇ ಜಾಗ ನೋಡಲು ಸಾಧ್ಯ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಗಾಡಿಗಳೆಲ್ಲ ಒಂದೇ ಕಡೆ ದಿಬ್ಬ ಹತ್ತಬೇಕಾಗಿದ್ದರಿಂದ ಮೆತ್ತನೆಯ ಮರಳುಗಲ್ಲು ಕೆಲವೆಡೆ ಐದು ಅಡಿಯಷ್ಟು ಸವೆದಿದೆ. ಆ ಕೊರಕಲಿಗೆ ಇಳಿದು ನಿಂತರೆ ಬಂಡೆಯ ಅಂಚು ನನ್ನ ಎದೆಮಟ್ಟಕ್ಕೆ ಬಂತು. ಗಾಲಿಯ ಗುಂಬ ಉಜ್ಜಿದ ಪಕ್ಕದ ಗೋಡೆ ಮುಟ್ಟಿದೆ, ಬೆರಳಿಗೆ ಸಣ್ಣ ಮರಳು ಅಂಟಿತು. ಸುಮಾರು 2,000 ಮೈಲಿಯ ದಾರಿ, ಐದು ತಿಂಗಳ ಪ್ರಯಾಣ. ಗಾಡಿ ತುಂಬ ಹಿಟ್ಟು, ಸಾಮಾನು ಇರುತ್ತಿದ್ದರಿಂದ ಹೆಚ್ಚಿನವರು ನಡೆದೇ ಹೋದರು. ಓದಿ ತಿಳಿದಿದ್ದ ಈ ಸಂಗತಿ ನನ್ನ ಕಾಲಿಗೆ ತಿಳಿದದ್ದು ಅಲ್ಲಿ. ಬೆಳಿಗ್ಗೆ ಎಂಟಕ್ಕೇ ಹೋಗಿ: ಓರೆ ಬಿಸಿಲಿಗೆ ಜಾಡು ಚೆನ್ನಾಗಿ ಕಾಣುತ್ತದೆ, ಸೆಖೆಯೂ ಏರಿರುವುದಿಲ್ಲ. ಬುಡಬುಡಿಕೆ ಹಾವುಗಳಿರುವ ಸೀಮೆ, ಹುಲ್ಲಿಗೆ ಕಾಲಿಡಬೇಡಿ. ಹತ್ತಿರದ ರಿಜಿಸ್ಟರ್ ಕ್ಲಿಫ್ ಎಂಬ ಬಂಡೆಗೋಡೆಯಲ್ಲಿ ಆ ವಲಸಿಗರು ಕೆತ್ತಿದ ಹೆಸರುಗಳಿವೆ. ಈಚಿನವರು ಗೀಚಿದ್ದೂ ಬೇಕಾದಷ್ಟಿದೆ. ಇಸವಿ ನೋಡಿ ಓದಿ.

ಮುಂದೆ, ಇದೇ ದಾರಿಯಲ್ಲಿರುವ ದೊಡ್ಡ ಬಂಡೆ ಇಂಡಿಪೆಂಡೆನ್ಸ್ ರಾಕ್‌ವರೆಗೆ ಹೋಗುವುದಾದರೆ ಕ್ಯಾಸ್ಪರ್‌ನಲ್ಲೇ ಟ್ಯಾಂಕ್ ಭರ್ತಿ ಮಾಡಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಅಲ್ಲಿಂದಾಚೆ ಎಷ್ಟೋ ಹೊತ್ತು ಊರೂ ಇಲ್ಲ, ಸಿಗ್ನಲ್ಲೂ ಇಲ್ಲ.