ಒಂದು ತಟ್ಟೆ ನೀರು

ಮೇ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಎಂಟೂಕಾಲಕ್ಕೇ ಬಿಸಿಲು ಕಾರಿಡಾರಿನ ಅರ್ಧದವರೆಗೆ ಬಂದು ಕುಳಿತಿತ್ತು. ನಾನು ಚಪ್ಪಲಿ ಬಿಟ್ಟು, ಜೀವಕೋಶಗಳನ್ನು ಬೆಳೆಸುವ ಕಲ್ಚರ್ ರೂಮಿನ ಸ್ಲಿಪ್ಪರ್ ಹುಡುಕುತ್ತಿದ್ದೆ. ಒಳಗಿನಿಂದ ಅಣ್ಣನ ದನಿ ಬಂತು: ‘ಯಾರಾದರೂ ಬಂದು ಇದನ್ನು ನೋಡಿ.’

ಅಣ್ಣ ಎಂದರೆ ನಮ್ಮ ಲ್ಯಾಬಿನ ಹಿರಿಯ ಸ್ಕಾಲರ್. ಅಫಜಲಪುರದ ಕಡೆಯವರು, ಪಿಎಚ್‌ಡಿಯ ಐದನೇ ವರ್ಷ, ಎರಡು ಮಕ್ಕಳ ತಂದೆ. ಅವರು ಸಾಮಾನ್ಯವಾಗಿ ಯಾರನ್ನೂ ಕರೆಯುವುದಿಲ್ಲ. ಬೆಳಗಿನ ಹೊತ್ತು ಸೂಕ್ಷ್ಮದರ್ಶಕದ ಮುಂದೆ ಒಬ್ಬರೇ ಕುಳಿತು ಜೀವಕೋಶಗಳ ಜೊತೆ ಮಾತನಾಡುತ್ತಾರೆ ಎಂದು ನಾವು ನಗುತ್ತಿದ್ದೆವು.

ಫ್ಲಾಸ್ಕಿನಲ್ಲಿ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೋಶಗಳಿಗೆ ಆಹಾರವಾಗುವ ಕೆಂಪು ದ್ರವ, ಮೀಡಿಯಾ, ತಿಳಿಯಾಗಿಯೇ ಇತ್ತು. ಬ್ಯಾಕ್ಟೀರಿಯಾ ಹೊಕ್ಕಿದ್ದರೆ ರಾತ್ರಿ ಕಳೆಯುವುದರೊಳಗೆ ಅದು ಹಳದಿಗೆ ತಿರುಗಿ ಮಜ್ಜಿಗೆನೀರಿನಂತೆ ಕದಡಿರುತ್ತದೆ. ಇದು ಹಾಗಿರಲಿಲ್ಲ. ಕಣ್ಣಿಟ್ಟು ನೋಡಿದರೆ, ಹಾಸುಗಲ್ಲಿನಂತೆ ಒಂದಕ್ಕೊಂದು ತಾಗಿ ಕುಳಿತ ಕೋಶಗಳ ಮೇಲೆ ಉದ್ದುದ್ದ ಎಳೆಗಳು, ಕವಲೊಡೆದು, ಒಂದರ ಮೇಲೊಂದು ಬಿದ್ದು. ಬೇಸಿಗೆಯಲ್ಲಿ ನಮ್ಮ ಶಹಾಪುರದ ಮನೆಯ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕಿದ ಹಾಗೆ. ಬೂಷ್ಟು. ಅಣ್ಣ ಎರಡನೆಯ ಫ್ಲಾಸ್ಕ್ ಇಟ್ಟರು, ಮೂರನೆಯದನ್ನು ಇಟ್ಟರು. ಏಳನೆಯದಕ್ಕೆ ಕೈಬಿಟ್ಟರು. ಕೋಶಗಳನ್ನು ಬೆಚ್ಚಗಿಡುವ ಇನ್ಕ್ಯುಬೇಟರಿನಲ್ಲಿ ಇಪ್ಪತ್ತಮೂರು ಇದ್ದವು.

ಇದು ಕಲಬುರಗಿಯ ಒಂದು ವಿಶ್ವವಿದ್ಯಾಲಯದ ಕಥೆ; ಹೆಸರು ಬೇಡ, ಹೇಳಿದರೆ ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಈಗಲೂ ಬೈಯುತ್ತಾರೆ. ಏಪ್ರಿಲ್, ಮೇ ಬಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಜೀವಕೋಶಗಳಿಗೆ ಆ ಆದೇಶ ತಲುಪಿಲ್ಲ. ಅವುಗಳಿಗೆ ಹಗಲೂ ರಾತ್ರಿಯೂ 37 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಬೇಕು, ಒಣಗದಂತೆ ತೇವ ಬೇಕು. ಹೊರಗೆ 43 ಡಿಗ್ರಿ ಇರುವ ಊರಿನಲ್ಲಿ 37ಕ್ಕೆ ಕಾಯಿಸುವ ಯಂತ್ರ ಏಕೆ ಎಂದು ನನ್ನ ಅಪ್ಪ ಕೇಳಿದ್ದುಂಟು. ಕೇಳಿದ್ದರಲ್ಲಿ ತಪ್ಪಿಲ್ಲ. ಆ ಯಂತ್ರ ಬಿಸಿ ಮಾಡಬಲ್ಲದು, ತಣ್ಣಗೆ ಮಾಡಲಾರದು. ಕೋಣೆಯೇ ಕಾದರೆ ಅದರ ಲೆಕ್ಕ ತಪ್ಪುತ್ತದೆ. ಆದ್ದರಿಂದ ಇಡೀ ವಿಭಾಗದಲ್ಲಿ ನಿಲ್ಲದೆ ಓಡುವ ಎ.ಸಿ. ಇದ್ದದ್ದು ಕಲ್ಚರ್ ರೂಮಿನಲ್ಲಿ ಮಾತ್ರ. ನಾವು ಬೆವರು ಒರೆಸಿಕೊಳ್ಳುತ್ತ ಪ್ರಬಂಧ ಬರೆಯುತ್ತಿದ್ದೆವು, ಕೋಶಗಳು ಹಾಯಾಗಿದ್ದವು.

ತೇವಕ್ಕಾಗಿ ಇನ್ಕ್ಯುಬೇಟರಿನ ತಳದಲ್ಲಿ ಒಂದು ಸ್ಟೀಲಿನ ತಟ್ಟೆ ಇರುತ್ತದೆ. ಅದರ ತುಂಬ ನೀರು. ಭಟ್ಟಿ ಇಳಿಸಿದ, ಆಟೋಕ್ಲೇವ್ ಮಾಡಿದ (ಒತ್ತಡದ ಉಗಿಯಲ್ಲಿ ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಂದ) ನೀರನ್ನೇ ಹಾಕಬೇಕು, ವಾರಕ್ಕೊಮ್ಮೆ ಬದಲಿಸಬೇಕು. ಪಾಳಿಯ ಪಟ್ಟಿ ಬಾಗಿಲಿಗೆ ಅಂಟಿಸಿತ್ತು. ಹಿಂದಿನ ಶನಿವಾರದ ಪಾಳಿ ನನ್ನದು.

ಆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೂರು ಸಲ ಕರೆಂಟ್ ಹೋಗಿತ್ತು. ಭಟ್ಟಿ ಇಳಿಸುವ ಯಂತ್ರಕ್ಕೆ ಜನರೇಟರ್ ಸಂಪರ್ಕವಿಲ್ಲ. ಅಟೆಂಡರ್ ಕಾಕಾ ‘ನೀರು ಸೋಮವಾರ ಸಿಗುತ್ತದೆ, ತಂಗೀ, ಅಲ್ಲಿಯತನಕ ತಟ್ಟೆ ಮುಟ್ಟಬೇಡ’ ಎಂದು ಹೇಳಿ ಬಸ್ಸಿಗೆ ಹೋದರು. ತಟ್ಟೆಯಲ್ಲಿ ಬೆರಳು ಮುಳುಗುವಷ್ಟೂ ನೀರಿರಲಿಲ್ಲ. ಒಣಗಿದರೆ ಅಣ್ಣ ನನ್ನನ್ನು ಬಿಡುವುದಿಲ್ಲ ಎಂಬ ಹೆದರಿಕೆ. ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಇತ್ತು. ಘಟಕದಲ್ಲಿ ಐದು ರೂಪಾಯಿ ಹಾಕಿ ತುಂಬಿಸಿ ತಂದದ್ದು. ಶುದ್ಧ ನೀರು ಎಂದೇ ಅದರ ಮೇಲೆ ಬರೆದಿತ್ತಲ್ಲ! ಒಂದು ಲೀಟರಿನಷ್ಟು ಸುರಿದೆ. ಪಟ್ಟಿಯಲ್ಲಿ ಸಹಿ ಮಾಡಲಿಲ್ಲ. ಮರೆತೆ ಎಂದು ಆಗ ಅಂದುಕೊಂಡಿದ್ದೆ.

ಒಂಬತ್ತಕ್ಕೆ ಮೇಡಂ ಬಂದರು. ಬೀದರಿನವರು, ಮಾತು ಕಡಿಮೆ. ವರ್ಷದ ಬಹುಪಾಲು ಅವರು ಸೂಕ್ಷ್ಮದರ್ಶಕಕ್ಕಿಂತ ಹೆಚ್ಚಾಗಿ ಖರೀದಿಯ ಕಡತಗಳನ್ನೇ ನೋಡಬೇಕು. ಮೀಡಿಯಾಕ್ಕೆ ಬೆರೆಸುವ ಅರ್ಧ ಲೀಟರ್ ಸೀರಮ್‌ಗೆ ಹತ್ತಾರು ಸಾವಿರ ಏಕೆ ಎಂದು ಲೆಕ್ಕಪತ್ರದವರಿಗೆ ಪ್ರತಿ ಸಲ ಹೊಸದಾಗಿ ವಿವರಿಸಬೇಕು. ಅವರು ಏಪ್ರನ್ ಹಾಕಿಕೊಂಡರು, ಕೈಗೆ ಸ್ಪಿರಿಟ್ ಸುರಿದುಕೊಂಡರು, ನೋಡಿದರು, ಎದ್ದರು. ‘ಎಲ್ಲರನ್ನೂ ಕರೆಯಿರಿ’ ಎಂದರು.

ಕಾರಿಡಾರಿನಲ್ಲಿ ನಿಂತೇ ವಿಚಾರಣೆ. ಅಣ್ಣ, ಆಪಾ, ನಾನು, ಬೇಸಿಗೆಯ ಪ್ರಾಜೆಕ್ಟಿಗೆ ಬಂದಿದ್ದ ಎಂ.ಎಸ್ಸಿ.ಯ ಇಬ್ಬರು ಹುಡುಗಿಯರು, ಕಾಕಾ. ಹುಮನಾಬಾದಿನ ಆಪಾ ನನಗಿಂತ ಎರಡು ವರ್ಷ ಹಿರಿಯರು. ಅವರ ಪಿಪೆಟ್ಟಿಗೆ ಬೇರೆಯವರು ಕೈ ಹಾಕಿದರೆ ಕೋಣೆಗೆ ಕಾಲಿಡುತ್ತಲೇ ಗೊತ್ತಾಗಿಬಿಡುತ್ತಿತ್ತು. ಹುಡುಗಿಯರಲ್ಲಿ ಒಬ್ಬಳು ಯಾರೂ ಏನೂ ಕೇಳುವ ಮೊದಲೇ ಅಳಲು ಶುರುಮಾಡಿದಳು. ಅವಳು ಆವರೆಗೆ ಮುಟ್ಟಿದ್ದು ಈರುಳ್ಳಿ ಬೇರಿನ ತುದಿಯನ್ನು ಮಾತ್ರ.

ಮೀಡಿಯಾ ಬಾಟಲಿಯೇ? ಆಪಾ ಪ್ರತಿ ಬಾಟಲಿಯಿಂದ ಸ್ವಲ್ಪ ತೆಗೆದು ಖಾಲಿ ಫ್ಲಾಸ್ಕಿನಲ್ಲಿ ಇಟ್ಟಿರುತ್ತಾರೆ, ಅದು ಶುದ್ಧವಾಗಿತ್ತು. ಸೋಸಿದ ಗಾಳಿಯಲ್ಲಿ ಕೆಲಸ ಮಾಡುವ ಹುಡ್ಡಿನ ಫಿಲ್ಟರೇ? ಅದೇ ಹುಡ್ಡಿನಲ್ಲಿ ಮಾಡಿ ಇನ್ನೊಂದು ಚಿಕ್ಕ ಇನ್ಕ್ಯುಬೇಟರಿನಲ್ಲಿ ಇಟ್ಟಿದ್ದಕ್ಕೆ ಏನೂ ಆಗಿರಲಿಲ್ಲ. ಕೊನೆಗೆ ಅಣ್ಣ ತಳದ ತಟ್ಟೆ ಎಳೆದರು. ನೀರಿನ ಮೇಲೆ ಹಾಲಿನ ಕೆನೆಯಂಥ ತೆಳುವಾದ ಪದರ, ಅಂಚಿನಲ್ಲಿ ಹತ್ತಿಯ ಉಂಡೆಯಂತೆ ಬಿಳಿ ಗುಡ್ಡೆಗಳು. ತಟ್ಟೆಯ ಬದಿ ಬೆರಳಿಗೆ ಲೋಳೆಯಾಗಿ ತಾಗಿತು.

‘ಕಳೆದ ವಾರದ ನೀರು ಯಾರದು?’

ಮೇಡಂ ಪಟ್ಟಿಯತ್ತ ತಿರುಗಿದರು. ಹೆಸರುಗಳ ಜಾಗದಲ್ಲಿ ಸಹಿ ಮಾತ್ರ ಇರುತ್ತಿತ್ತು, ಆ ವಾರದ ಮನೆ ಖಾಲಿ. ನನ್ನ ಬಾಯಿ ಒಣಗಿತು. ಮಾತನಾಡಬೇಕೆಂದು ಉಸಿರು ಎಳೆದುಕೊಂಡದ್ದು ನೆನಪಿದೆ. ಅಷ್ಟರಲ್ಲಿ ಕಾಕಾ ಹೇಳಿದರು: ‘ನೀರು ಕೊಡುವವನು ನಾನೇ, ಮೇಡಂ. ಆಟೋಕ್ಲೇವಿನಲ್ಲಿ ಏನೋ ಕಡಿಮೆಯಾಗಿರಬೇಕು. ಪದೇ ಪದೇ ಕರೆಂಟ್ ಹೋಗಿತ್ತು.’

ನಾನು ಉಸಿರು ಬಿಟ್ಟೆ. ಅಷ್ಟೇ. ಇದಕ್ಕಿಂತ ಹೆಚ್ಚು ವಿವರಿಸಲು ನನ್ನಲ್ಲಿ ಏನೂ ಇಲ್ಲ.

ಮುಂದಿನ ಕೆಲಸ ಹೂಳುವ ಕೆಲಸ. ಫ್ಲಾಸ್ಕುಗಳಿಗೆಲ್ಲ ಬ್ಲೀಚ್ ಸುರಿಯಬೇಕು. ಅಣ್ಣ ಬೇರೆ ಯಾರಿಗೂ ಬಿಡಲಿಲ್ಲ. ಒಂದೊಂದರ ಮುಚ್ಚಳ ತೆಗೆದು, ಸುರಿದು, ಮೇಲಿನ ತಾರೀಖು ಓದಿ ಬದಿಗಿಡುತ್ತಿದ್ದರು. ಕೆಂಪು ಮೀಡಿಯಾ ಕ್ಷಣದಲ್ಲಿ ಬಣ್ಣಗೆಡುತ್ತಿತ್ತು. ಅಮೃತಬಳ್ಳಿಯ ಸಾರ ಹಾಕಿ ನಾಲ್ಕು ತಿಂಗಳು ನಡೆಸಿದ ಪ್ರಯೋಗ ಅದು. ಆ ಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತಂದವರೂ ಅವರೇ: ಕತ್ತಿನವರೆಗೆ ಮೀಡಿಯಾ ತುಂಬಿದ ಫ್ಲಾಸ್ಕನ್ನು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸೊಲ್ಲಾಪುರ ದಾಟಿ ಇಲ್ಲಿಯವರೆಗೆ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದರಂತೆ. ಪಕ್ಕದವರು ಅದೇನೆಂದು ಕೇಳಿದಾಗ ಔಷಧಿ ಎಂದಿದ್ದರು.

ಅವು ಹೀಲಾ ಕೋಶಗಳು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಗರ್ಭಕಂಠದ ಗೆಡ್ಡೆಯಿಂದ, ಅವರನ್ನು ಕೇಳದೆ ತೆಗೆದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಕೋಶಗಳು ಇಂದಿಗೂ ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಬ್ಭಾಗವಾಗುತ್ತಲೇ ಇವೆ. ಪಠ್ಯಪುಸ್ತಕ ಜಾರ್ಜ್ ಗೇ ಎಂಬ ವಿಜ್ಞಾನಿಯ ಹೆಸರು ಹೇಳಿ ಮುಂದೆ ಹೋಗುತ್ತದೆ. ಗೆಡ್ಡೆಯ ಚೂರುಗಳನ್ನು ಟ್ಯೂಬಿಗೆ ಹಾಕಿ, ರೋಗಿಯ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ‘ಹೀಲಾ’ ಎಂದು ಬರೆದವರು ಅವರ ಸಹಾಯಕಿ ಮೇರಿ ಕುಬಿಚೆಕ್. ಇದನ್ನು ನನಗೆ ಹೇಳಿದ್ದು ಆಪಾ, ನಾನು ಸೇರಿದ ಮೊದಲ ವಾರ, ಲೇಬಲ್ ಬರೆಯಲು ಕಲಿಸುವಾಗ. ‘ಯಾರು ಬರೆದರು ಎಂಬುದೂ ಲೇಬಲ್ಲಿನಲ್ಲಿ ಇರಬೇಕು, ಬೇಟಿ’ ಎಂದಿದ್ದರು.

ಹಲಗೆಗಳನ್ನು ಬಿಚ್ಚಿ ಆಟೋಕ್ಲೇವಿಗೆ ಕಳಿಸಿದೆವು. ಒಳಗೋಡೆಯನ್ನು ಶೇಕಡಾ 70ರ ಆಲ್ಕೋಹಾಲಿನಿಂದ ಮೂರು ಸಲ ಒರೆಸಿದೆವು. ಕೆಲವು ಲ್ಯಾಬುಗಳಲ್ಲಿ ತಟ್ಟೆಯ ನೀರಿಗೆ ಕಾಪರ್ ಸಲ್ಫೇಟ್ ಹಾಕುತ್ತಾರೆ ಎಂದು ಆಪಾ ಹೇಳಿದರು. ಕಾಕಾ ತಲೆಯೆತ್ತಿ ‘ಮೈಲುತುತ್ತವೇ? ಅದನ್ನು ಸುಣ್ಣದ ಜೊತೆ ಕಲಸಿ ನಾವು ಗಿಡಕ್ಕೆ ಹೊಡೆಯುತ್ತೇವಲ್ಲ, ಬೂಷ್ಟಿಗೇ’ ಎಂದರು. ಬೇರೆ ದಿನವಾಗಿದ್ದರೆ ಅದರ ಮೇಲೆ ಅರ್ಧ ಗಂಟೆ ಹರಟೆ ನಡೆಯುತ್ತಿತ್ತು. ಸ್ಟೀಲಿನ ತಟ್ಟೆ ತಿನ್ನುತ್ತದೆ ಎಂದು ಮೇಡಂ ಬೇಡವೆಂದರು.

ಒಂದೂವರೆ ಆಯಿತು. ಆಫೀಸಿನವರು ಬೀಗ ಹಾಕಿಕೊಂಡು ಹೋದರು. ಕಾಕಾ ಹೋಗಲಿಲ್ಲ. ಕಮಲಾಪುರದ ಬಸ್ಸು ಬಿಟ್ಟು ತೊಳೆಯುವ ಕೋಣೆಯಲ್ಲಿ ಆಟೋಕ್ಲೇವಿನ ಮುಂದೆ ಕುಳಿತುಬಿಟ್ಟರು. ರಬ್ಬರ್ ಉಂಗುರ ತೆಗೆದು ನೋಡುವುದು, ಮತ್ತೆ ಕೂರಿಸುವುದು. ಒತ್ತಡದ ಮುಳ್ಳು ಹದಿನೈದಕ್ಕೆ ಬರುವವರೆಗೆ ಕಾಯುವುದು, ಗಡಿಯಾರ ನೋಡುವುದು. ಹಳೆಯ ಬಾಟಲಿಗಳ ಟೇಪ್ ಕಿತ್ತು ಬೆಳಕಿಗೆ ಹಿಡಿಯುವುದು. ಉಗಿಯ ಶಾಖ ಸರಿಯಾಗಿ ತಾಗಿದ್ದರೆ ಆ ಟೇಪಿನ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ಎಲ್ಲದರಲ್ಲೂ ಕಪ್ಪು ಗೆರೆ ಇತ್ತು. ಆದರೂ ಇನ್ನೊಂದು ಬಾಟಲಿ ತೆಗೆದುಕೊಳ್ಳುತ್ತಿದ್ದರು. ಊಟದ ಡಬ್ಬಿ ತೆರೆದೇ ಇರಲಿಲ್ಲ.

ಮೂರು ಗಂಟೆಗೆ ಅಲ್ಲಿಗೆ ಹೋಗಿ ಹೇಳಿದೆ. ಕ್ಯಾನಿನ ನೀರು, ಒಂದು ಲೀಟರ್, ಶನಿವಾರ.

ಅವರಿಗೆ ಮೊದಲೇ ಗೊತ್ತಿದ್ದೂ ನನ್ನನ್ನು ಕಾಪಾಡಲು ಹಾಗೆ ಹೇಳಿದ್ದಾರೆ ಎಂದು ನಾನು ಬೆಳಗಿನಿಂದ ನಂಬಿಕೊಂಡಿದ್ದೆ. ಹಾಗೆ ನಂಬಿದ್ದರಿಂದಲೇ ಆರು ತಾಸು ಸುಮ್ಮನಿರಲು ಸಾಧ್ಯವಾಗಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ನಿಧಾನವಾಗಿ ಕೆಳಗಿಟ್ಟರು.

‘ಮುಟ್ಟಬೇಡ ಎಂದು ಹೇಳಿ ಹೋಗಿದ್ದೆ.’

‘ಹೌದು, ಕಾಕಾ.’

‘ಇಪ್ಪತ್ತಾರು ವರ್ಷವಾಯಿತು ನಾನು ಈ ಕೋಣೆಗೆ ಬಂದು. ಇವತ್ತು ನನ್ನ ಕೈಯ ಮೇಲೆ ನನಗೇ ಅನುಮಾನ ಬರುವಂತೆ ಮಾಡಿದೆಯಲ್ಲ.’

ಕ್ಷಮಿಸಿ ಎಂದೆ. ಅವರು ಎದ್ದು ಕೈ ತೊಳೆದುಕೊಂಡು, ಡಬ್ಬಿ ಎತ್ತಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋಗಿ, ನನ್ನತ್ತ ಬೆನ್ನು ಮಾಡಿ ರೊಟ್ಟಿ ತಿನ್ನಲು ಕುಳಿತರು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ‘ಎಷ್ಟು ನೀರು? ಎಷ್ಟು ಹೊತ್ತಿಗೆ? ಕ್ಯಾನ್ ಎಂದು ತುಂಬಿಸಿದ್ದು?’ ಎಂದು ಪ್ರಯೋಗದ ವಿವರ ಕೇಳುವಂತೆ ಕೇಳಿ, ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿದರು. ಬಳಿಕ ‘ಅಣ್ಣನಿಗೆ ನೀನೇ ಹೋಗಿ ಹೇಳು’ ಎಂದರು.

ಅಣ್ಣ ಕೇಳಿಸಿಕೊಂಡು ಬಹಳ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದರು. ಅವರ ಫೆಲೋಶಿಪ್ ಅವಧಿ ಡಿಸೆಂಬರಿಗೆ ಮುಗಿಯುವುದಿತ್ತು. ಕೊನೆಗೆ ‘ನೈಟ್ರೋಜನ್ ಕ್ಯಾನಿನಲ್ಲಿ ನಾಲ್ಕು ವಯಲ್ ಇರಬೇಕು, ಬಾ’ ಎಂದರು. ಅದೇ ಕೋಶಗಳನ್ನು ಹೆಪ್ಪುಗಟ್ಟಿಸಿ ಕಾದಿಟ್ಟ ಪುಟ್ಟ ಸೀಸೆಗಳು ಅವು.

ದ್ರವ ನೈಟ್ರೋಜನ್ನಿನ ಆ ಕ್ಯಾನನ್ನು ಕಾಕಾ ‘ದನದ ದವಾಖಾನೆಯ ಡಬ್ಬಿ’ ಎನ್ನುತ್ತಿದ್ದರು. ಹಳ್ಳಿಯವರಿಗೆ ಅದು ಗೊತ್ತಿರುವುದೇ ಹಾಗೆ: ಪಶು ಆಸ್ಪತ್ರೆಯವರು ಹಸು ಎಮ್ಮೆಗೆ ಕೊಡಿಸುವ ವೀರ್ಯವನ್ನು ಅಂಥದ್ದರಲ್ಲೇ ಇಟ್ಟುಕೊಳ್ಳುತ್ತಾರೆ. ಮೈನಸ್ 196 ಡಿಗ್ರಿ. ನೈಟ್ರೋಜನ್ ಮುಚ್ಚಳದ ಕೆಳಗಿನಿಂದ ದಿನವೂ ಸದ್ದಿಲ್ಲದೆ ಆವಿಯಾಗುತ್ತಿರುತ್ತದೆ. ಯಾರೂ ಗಮನಿಸದೆ ತಳ ಮುಟ್ಟಿದರೆ ಒಳಗಿರುವುದೆಲ್ಲ ಸತ್ತಂತೆಯೇ. ಪ್ರತಿ ಸೋಮವಾರ ಕಾಕಾ ಅದರಲ್ಲಿ ಒಂದು ಮರದ ಪಟ್ಟಿ ಇಳಿಸಿ, ಎತ್ತಿ, ಗಾಳಿಯಲ್ಲಿ ಎರಡು ಸಲ ಬೀಸುತ್ತಿದ್ದರು. ದ್ರವ ಇದ್ದಷ್ಟು ಎತ್ತರಕ್ಕೆ ಪಟ್ಟಿಯ ಮೇಲೆ ಬಿಳಿ ಹಿಮ ಕೂರುತ್ತದೆ. ಅದನ್ನು ಅಳೆದು ಗೋಡೆಯ ಮೇಲಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಆ ಸೋಮವಾರದ ಅಂಕಿಯೂ ಅಲ್ಲಿತ್ತು.

ನಾಲ್ಕರಲ್ಲಿ ಎರಡು ವಯಲ್ ತೆಗೆದೆವು. 37 ಡಿಗ್ರಿಯ ನೀರಿನಲ್ಲಿ ಅಲ್ಲಾಡಿಸುತ್ತ, ಒಳಗೆ ಅಕ್ಕಿಕಾಳಿನಷ್ಟು ಮಂಜುಗಡ್ಡೆ ಉಳಿದಿರುವಾಗಲೇ ಎತ್ತಬೇಕು. ನನ್ನ ಕೈ ನಡುಗುತ್ತಿತ್ತು. ‘ಬೇಗ’ ಎಂದಷ್ಟೇ ಹೇಳಿ ಅಣ್ಣ ವಯಲ್ ನನ್ನ ಕೈಯಲ್ಲೇ ಬಿಟ್ಟರು.

ಮರುದಿನ ನೋಡಿದರೆ ಅರ್ಧಕ್ಕರ್ಧ ದುಂಡಗೆ ತೇಲುತ್ತಿದ್ದವು, ಸತ್ತವು. ಉಳಿದವು ತಳಕ್ಕೆ ಅಂಟಿಕೊಂಡು ಕೈಕಾಲು ಚಾಚಿದ್ದವು. ಭಾನುವಾರ ಅವುಗಳ ನಡುವೆ ಜೋಡಿಗಳು ಕಂಡವು.

ಸೋಮವಾರ ಕಾಕಾ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದರು. ಎಲ್ಲರ ಕೈಗೂ ಕೊಟ್ಟರು. ನನ್ನ ಪಾಲಿನದನ್ನು ಮೇಜಿನ ಮೇಲೆ ಇಟ್ಟು ಹೋದರು. ಮಂಗಳವಾರ, ಬುಧವಾರವೂ ಮಾತಿಲ್ಲ. ಗುರುವಾರ ನಾನು ಗಾಜಿನ ಸಾಮಾನು ತೊಳೆಯಲು ಕುಳಿತಿದ್ದಾಗ ಹಿಂದಿನಿಂದ ಬಂದು, ಒಂದು ಲೀಟರಿನ ಬಾಟಲಿಯನ್ನು ನನ್ನ ಮುಂದೆ ಕುಕ್ಕಿದರು. ಇನ್ನೂ ಬಿಸಿಯಾಗಿತ್ತು. ಮುಚ್ಚಳದ ಸುತ್ತ ಟೇಪು, ಅದರ ಮೇಲೆ ಅಚ್ಚ ಕಪ್ಪು ಗೆರೆಗಳು, ಪಕ್ಕದಲ್ಲಿ ಅವರ ದಪ್ಪ ಅಕ್ಷರದ ತಾರೀಖು, ಅದರ ಕೆಳಗೆ, ಮೊದಲ ಸಲ, ಅವರ ಸಹಿ.

‘ಓದು’ ಎಂದರು.

ಗಟ್ಟಿಯಾಗಿ ಓದಿದೆ.