ಮೂರು ಭಾನುವಾರ, ಎರಡು ಕೆಟ್ಟ ಎಂಎಎಫ್ ಸೆನ್ಸರ್

ಎಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ನನ್ನ ಕಾರು ತೋರಿಸುತ್ತಿದ್ದ ದೋಷಸೂಚನೆ, ಪಿ0171 ಕೋಡ್, ನಿನ್ನೆ ಸಂಜೆ ಕೊನೆಗೂ ತೊಲಗಿತು. ತಪ್ಪು ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರಿನದೇ ಎಂದು ಮೊದಲ ದಿನವೇ ಲೆಕ್ಕ ಹೇಳಿದ್ದರೂ ಆ ಲೆಕ್ಕವನ್ನು ನಾನು ನಂಬುವುದಕ್ಕೆ ಮೂರು ಭಾನುವಾರಗಳು ಬೇಕಾದವು.

ಸ್ಕ್ಯಾನರ್ ಜೋಡಿಸುವುದು, ಏರ್ ಫಿಲ್ಟರ್ ನೋಡುವುದು, ಕ್ಲೀನರ್ ಸಿಂಪಡಿಸುವುದು ನಿಮಗೆ ಗೊತ್ತಿರುವ ಕೆಲಸಗಳಾದ್ದರಿಂದ ಬಿಟ್ಟುಬಿಡುತ್ತೇನೆ. ಐಡಲ್‌ನಲ್ಲಿ ಶೇ. 5ರಷ್ಟಿದ್ದ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ತನ್ನ ಲೆಕ್ಕದ ಮೇಲೆ ಹೆಚ್ಚುವರಿಯಾಗಿ ಸೇರಿಸುವ ಪೆಟ್ರೋಲ್, 3000 ಆರ್‌ಪಿಎಂನಲ್ಲಿ ಶೇ. 19ಕ್ಕೆ ಏರುತ್ತಿತ್ತು. ವ್ಯಾಕ್ಯೂಮ್ ಲೀಕ್ ಆಗಿದ್ದರೆ ಇದು ತಿರುಗುಮುರುಗಾಗಿರಬೇಕಿತ್ತು. ಸೆನ್ಸರಿನ ಅಳತೆಗೆ ಸಿಗದೆ ಸಂದಿಯಿಂದ ನುಸುಳುವ ಗಾಳಿಯ ಪಾಲು ಐಡಲ್‌ನಲ್ಲಿ ದೊಡ್ಡದು, ವೇಗ ಹೆಚ್ಚಿದಂತೆ ಸಣ್ಣದು. ಎರಡನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ, 4000 ಆರ್‌ಪಿಎಂನಲ್ಲಿ ಸೆನ್ಸರ್ ತೋರಿಸಿದ್ದು ಸೆಕೆಂಡಿಗೆ 31 ಗ್ರಾಂ ಗಾಳಿ.

1.6 ಲೀಟರ್ ಎಂಜಿನ್ ಆ ವೇಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 53 ಲೀಟರ್ ಗಾಳಿ ಎಳೆಯುತ್ತದೆ. ಇದನ್ನು ಗ್ರಾಂಗೆ ತರುವಾಗ ಎಲ್ಲರೂ ಕಣ್ಣುಮುಚ್ಚಿ ಬಳಸುವ ಲೀಟರಿಗೆ 1.2 ಗ್ರಾಂ ಎಂಬ ಸಾಂದ್ರತೆ ಸಮುದ್ರಮಟ್ಟದ್ದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ 91 ಕಿಲೋಪಾಸ್ಕಲ್ ಆಸುಪಾಸಿರುವುದರಿಂದ ಬೆಚ್ಚಗಿನ ದಿನ ಅದು 1.06ಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮ ಮಿತಿ 64 ಗ್ರಾಂ ಅಲ್ಲ, 56. ಮಂಗಳೂರಿನವರ ಅಂಕಿಗೆ ಹೋಲಿಸಿಕೊಂಡು ಇಲ್ಲಿ ಒಳ್ಳೆಯ ಸೆನ್ಸರನ್ನು ಎಸೆಯಬೇಡಿ. ಈ ರಿಯಾಯಿತಿ ಕೊಟ್ಟರೂ ನನ್ನದು ಆ ಮಿತಿಯ ಶೇ. 55, ಆರೋಗ್ಯವಂತ ಎಂಜಿನ್ ಶೇ. 80 ದಾಟಬೇಕು.

ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಗಾಳಿ ಕಡಿಮೆಯಾಗುತ್ತದೆ, ಆದರೆ ಆ ಕಡಿಮೆ ಗಾಳಿಯನ್ನು ಸೆನ್ಸರ್ ಸರಿಯಾಗಿಯೇ ಅಳೆಯುವುದರಿಂದ ಟ್ರಿಮ್ ಏರುವುದಿಲ್ಲ. ಪೆಟ್ರೋಲ್ ಪಂಪ್ ಸೋತಿದ್ದರೆ ಟ್ರಿಮ್ ಏರುತ್ತದೆ, ಗಾಳಿಯ ಅಂಕಿ ಮಾತ್ರ ಸರಿಯಾಗಿರುತ್ತದೆ. ಗಾಳಿ ಕಡಿಮೆ, ಟ್ರಿಮ್ ಹೆಚ್ಚು, ಎರಡೂ ಒಟ್ಟಿಗೆ ಬಂದರೆ ಅಳೆಯುವವನ ಮೇಲೆಯೇ ಅನುಮಾನ. ಸೆನ್ಸರಿನೊಳಗಿನ ಬಿಸಿ ತಂತಿಯ ಮೇಲೆ ಕೊಳೆ ಕೂತರೆ ಗಾಳಿ ಅದನ್ನು ತಣಿಸುವುದು ಕಡಿಮೆಯಾಗಿ, ಬಿಸಿ ಕಾಯ್ದುಕೊಳ್ಳಲು ಬೇಕಾದ ವಿದ್ಯುತ್ತೂ ಕಡಿಮೆಯಾಗಿ, ಬರುತ್ತಿರುವುದೇ ಇಷ್ಟು ಗಾಳಿ ಎಂದು ಇಸಿಯು ತಿಳಿಯುತ್ತದೆ.

ಇಷ್ಟೆಲ್ಲ ತಿಳಿದೂ ಮೋಸಹೋದೆ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ‘ಒರಿಜಿನಲ್ಲೇ ಸರ್, ಡಬ್ಬಿ ಮಾತ್ರ ಬೇರೆ’ ಎಂಬ ಭರವಸೆಯೊಂದಿಗೆ ಕೊಂಡ ಹೊಸ ಸೆನ್ಸರ್ 36 ಗ್ರಾಂ ತೋರಿಸಿತು, ಟ್ರಿಮ್ ಶೇ. 14ಕ್ಕೆ ಇಳಿಯಿತು, ನಾಲ್ಕು ದಿನಕ್ಕೆ ಕೋಡ್ ಮರಳಿತು. ಪೂರ್ತಿ ಕೆಟ್ಟಿದ್ದರೆ ಅಂದೇ ಹಿಡಿಯುತ್ತಿದ್ದೆ; ಅರೆಬರೆ ಸುಧಾರಣೆ ಕಂಡಿದ್ದರಿಂದ ಇನ್ನೊಂದು ದೋಷವೂ ಇದೆಯೆಂದು ಭ್ರಮಿಸಿ ಇನ್‌ಟೇಕ್ ಗ್ಯಾಸ್ಕೆಟ್ ಬಿಚ್ಚಿದೆ, ಲೀಕ್ ಹುಡುಕಲು ಹೊಗೆ ಬಿಟ್ಟು ನೋಡಿದೆ, ಪೆಟ್ರೋಲ್ ಒತ್ತಡ ಅಳೆದೆ. ಸೆನ್ಸರಿನ ಪ್ಲಗ್ ಕಿತ್ತು, ಇಸಿಯು ತನ್ನ ಅಂದಾಜಿನ ಮೇಲೆಯೇ ನಡೆಯುವಂತೆ ಮಾಡಿದಾಗ ಕಾರು ಮೊದಲಿಗಿಂತ ಚುರುಕಾಗಿ ಎಳೆದದ್ದನ್ನೂ ಗಮನಿಸಿ, ಮತ್ತೆ ಮರೆತೆ.

ನಿನ್ನೆ ಅದೇ ಮಾದರಿಯ ಕಾರಿರುವ ಗೆಳೆಯನ ಸೆನ್ಸರನ್ನು ಒಂದು ಗಂಟೆಗೆ ಕಡ ತಂದು ಹಾಕಿದೆ. 47 ಗ್ರಾಂ, ಶೇ. 84. ಕೋಡ್ ಅಳಿಸಿ ಇಪ್ಪತ್ತು ಕಿಲೋಮೀಟರ್ ಓಡಿಸುವಷ್ಟರಲ್ಲಿ ಟ್ರಿಮ್ ಶೇ. 2ಕ್ಕೆ ಬಂದು ನಿಂತಿತ್ತು. ಒಂದು ಗಂಟೆಯೆಂದದ್ದು ಎರಡು ಗಂಟೆಯಾದಾಗ ಗೆಳೆಯನ ಫೋನ್ ಬಂತು. ಈಗ ಅಧಿಕೃತ ಡೀಲರಿನಲ್ಲಿ, ಎರಡೂವರೆ ಪಟ್ಟು ಬೆಲೆಗೆ, ನನ್ನದೊಂದು ಬುಕ್ ಆಗಿದೆ.

‘ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ ಸರ್’ ಎಂದು ಅಂಗಡಿಯವರು ಹೇಳಿದ್ದರಿಂದ ನಕಲಿ ಸೆನ್ಸರ್ ನನ್ನಲ್ಲೇ ಉಳಿದಿದೆ. ಹಳೆಯ ವ್ಯಾಕ್ಯೂಮ್ ಕ್ಲೀನರಿಗೆ ಪಿವಿಸಿ ಪೈಪು ಕಟ್ಟಿ, ಹೊಸದು ಬಂದ ಕೂಡಲೇ ಎರಡನ್ನೂ ಹಿಂದೆಮುಂದೆ ಕೂರಿಸಿ ಒಂದೇ ಗಾಳಿಯನ್ನು ಇಬ್ಬರಿಂದಲೂ ಅಳೆಸುವ ಯಂತ್ರವೊಂದರ ಚಿತ್ರ ಬರೆದಾಗಿದೆ; ಕ್ಲೀನರ್ ಎಲ್ಲಿ ಹೋಯಿತೆಂದು ಮನೆಯವರು ಇನ್ನೂ ಕೇಳಿಲ್ಲ.