ಗುಂತಕಲ್ಲಿನ ಕೋಣೆಯಲ್ಲಿ ಒಂದು ಲೋಡ್ ಬಂಡಿ

ಇಲ್ಲಿ ರೈಲಿಗೆ ಬಂಡಿ ಅನ್ನುತ್ತಾರೆ. ಶಿವಮೊಗ್ಗದಿಂದ ವರ್ಗವಾಗಿ ಗುಂತಕಲ್ಲಿಗೆ ಬಂದ ಹೊಸತರಲ್ಲಿ ಯಾರಾದರೂ "ಬಂಡಿ ಬಂತಾ?" ಎಂದರೆ ನನ್ನ ಕಣ್ಣ ಮುಂದೆ ಎತ್ತಿನ ಗಾಡಿಯೇ ಬರುತ್ತಿತ್ತು. ಮೂರು ವರ್ಷವಾಯಿತು. ಬೀದಿಯಲ್ಲಿ ತೆಲುಗು, ಮನೆ ಮಾಲೀಕರ ಜೊತೆ ಕನ್ನಡ. ಅವರ ಮೂಲ ಆಲೂರು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ರಾಯದುರ್ಗಗಳ ಜೊತೆ ಆಂಧ್ರಕ್ಕೆ ಹೋದ ತಾಲ್ಲೂಕು ಅದು. ಗೂಡ್ಸ್ ಓಡಿಸಿಯೇ ನಿವೃತ್ತರಾದವರು. ಈಗಿನವರು ಲೋಕೋ ಪೈಲಟ್ ಅಂದರೂ ಅವರು ತಮ್ಮನ್ನು ಡ್ರೈವರ್ ಎಂದೇ ಕರೆದುಕೊಳ್ಳುತ್ತಾರೆ.

ಮಹಡಿಯ ಚಿಕ್ಕ ಕೋಣೆಯಲ್ಲಿ ನನ್ನ ಮಾದರಿ ರೈಲು ಇದೆ. ಎಚ್‌ಓ ಅಳತೆ, ಅಂದರೆ 1:87. ಹಳಿಗಳ ನಡುವೆ 16.5 ಮಿಲಿಮೀಟರ್. ಗೋಡೆಯುದ್ದಕ್ಕೂ ಸುಮಾರು 8 ಮೀಟರಿನ ಒಂದು ಸುತ್ತು, ಒಂದು ಎಂಜಿನ್, ಎಂಟು ವ್ಯಾಗನ್. ಒಂದು ಭಾನುವಾರ ಉಗ್ಗಾನಿ ಬಜ್ಜಿಯ ತಟ್ಟೆ ಹಿಡಿದು ಮೇಲೆ ಬಂದ ಯಜಮಾನರಿಗೆ ಸಂಭ್ರಮದಿಂದ ಓಡಿಸಿ ತೋರಿಸಿದೆ. ಸಿಗ್ನಲ್ ಹತ್ತಿರ ಗುಂಡಿ ತಿರುಗಿಸಿದೆ, ರೈಲು ಟಕ್ಕೆಂದು ನಿಂತಿತು.

"ಏನಪ್ಪಾ ತಮ್ಮಾ, ಇದು ಬಂಡಿನೋ ಆಟೋನೋ? ಹಿಂಗ್ ನಿಂತ್ರೆ ಬಂಡಿ ಅಂತಾರಾ? ಇದಕ್ಕೆ ಭಾರನೇ ಇಲ್ಲ."

ಅವರ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಉದ್ದ 87 ಪಟ್ಟು ಕುಗ್ಗಿದರೆ ತೂಕ ಕುಗ್ಗುವುದು 87ರ ಘನದಷ್ಟು, ಆರೂವರೆ ಲಕ್ಷ ಪಟ್ಟು. ಬಳ್ಳಾರಿ ಕಡೆಯಿಂದ ಅದಿರು ಹೊತ್ತು ಬರುವ 58 ಬಾಕ್ಸ್‌ಎನ್ ವ್ಯಾಗನ್ನುಗಳ ರೇಕು, ಅಂದರೆ ಒಟ್ಟಿಗೆ ಜೋಡಿಸಿದ ಇಡೀ ಸಾಲು, ಸುಮಾರು 4,700 ಟನ್. ಅದೇ ರೇಕನ್ನು ನನ್ನ ಅಳತೆಗೆ ಇಳಿಸಿದರೆ ಏಳು ಕಿಲೋ! ಅಷ್ಟೇ ಅಲ್ಲ, ಮಾದರಿ ಎಂಜಿನ್ನಿನಲ್ಲಿ ಮೋಟಾರಿಗೂ ಗಾಲಿಗೂ ನಡುವೆ ವರ್ಮ್ ಗೇರ್ ಇರುತ್ತದೆ. ಮೋಟಾರು ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಮೋಟಾರನ್ನು ತಿರುಗಿಸಲಾರದು. ಹಾಗಾಗಿ ಕರೆಂಟು ಕಡಿದ ಕ್ಷಣ ಗಾಲಿಗಳಿಗೆ ಬೀಗ ಬಿದ್ದಂತೆ. ಮೋಟಾರಿನ ಜೊತೆ ತಿರುಗುವ ಭಾರದ ಚಕ್ರ, ಫ್ಲೈವೀಲ್, ಒಂದೆರಡು ಇಂಚು ಉರುಳಿಸಬಹುದು, ಅದಕ್ಕಿಂತ ಹೆಚ್ಚಿಲ್ಲ.

ಇಲ್ಲದ ಭಾರವನ್ನು ಡಿಕೋಡರ್‌ನಲ್ಲಿ ಬರೆಯಬೇಕು. ಡಿಜಿಟಲ್ ನಿಯಂತ್ರಣದಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜು ಇರುತ್ತದೆ. ಆಜ್ಞೆಯೂ ಅದರ ಮೇಲೆಯೇ ಹರಿಯುತ್ತದೆ. ಎಂಜಿನ್ನಿನೊಳಗಿನ ಪುಟ್ಟ ಡಿಕೋಡರ್ ಅದನ್ನು ಓದಿ ಮೋಟಾರನ್ನು ಆಡಿಸುತ್ತದೆ. ಅದರ ನಡತೆಯನ್ನು ತೀರ್ಮಾನಿಸುವ ಅಂಕಿಗಳಿಗೆ ಸಿವಿ ಎನ್ನುತ್ತಾರೆ. ಸಿವಿ 3 ವೇಗ ಏರುವ ರೀತಿ, ಸಿವಿ 4 ಇಳಿಯುವ ರೀತಿ. ಅಮೆರಿಕದ ಎನ್‌ಎಂಆರ್‌ಎ ಸಂಘದ ಮಾನಕದಂತೆ, ಸಿವಿ 4ರ ಅಂಕಿಯನ್ನು 0.896ರಿಂದ ಗುಣಿಸಿದರೆ ಪೂರ್ಣ ವೇಗದಿಂದ ನಿಲ್ಲಲು ಹಿಡಿಯುವ ಸೆಕೆಂಡು ಸಿಗುತ್ತದೆ. ಎಲ್ಲ ತಯಾರಕರೂ ಇದೇ ಗುಣಕ ಬಳಸುವುದಿಲ್ಲ, ಸ್ಟಾಪ್‌ವಾಚ್ ಹಿಡಿದು ನೋಡುವುದೇ ಕ್ಷೇಮ.

ಮೊದಲು ಸಿವಿ 5ರಲ್ಲಿ ಗರಿಷ್ಠ ವೇಗವನ್ನು ಗೂಡ್ಸಿಗೆ ತಕ್ಕಂತೆ ಗಂಟೆಗೆ 75 ಕಿಲೋಮೀಟರಿಗೆ ಕಟ್ಟಿಹಾಕಿದೆ. ನನ್ನ ಅಳತೆಯಲ್ಲಿ ಅದು ಸೆಕೆಂಡಿಗೆ 24 ಸೆಂಟಿಮೀಟರ್. ಆಮೇಲೆ ಸಿವಿ 4ಕ್ಕೆ 27 ಹಾಕಿದೆ. ರೈಲು 24 ಸೆಕೆಂಡಿನಲ್ಲಿ, ಹತ್ತಿರ ಹತ್ತಿರ ಮೂರು ಮೀಟರ್ ಉರುಳಿ ನಿಂತಿತು. ನೋಡಲು ಚೆಂದವಿತ್ತು. ನಿಜದ ರೈಲಿಗೆ ಒಂದು ಕಿಲೋಮೀಟರ್ ಬೇಕೆಂದರೆ ನನ್ನ ಹಳಿಯಲ್ಲಿ ಹನ್ನೊಂದೂವರೆ ಮೀಟರ್ ಬೇಕು. ಅಷ್ಟು ಜಾಗವಿಲ್ಲ, ಇಷ್ಟಕ್ಕೆ ತೃಪ್ತಿಪಡೋಣ ಅಂದುಕೊಂಡೆ.

ಯಜಮಾನರು ತೃಪ್ತರಾಗಲಿಲ್ಲ. ಸಂಜೆ ನನ್ನನ್ನು ಸ್ಟೇಷನ್ನಿನ ಮೇಲ್ಸೇತುವೆಗೆ ಕರೆದುಕೊಂಡು ಹೋದರು. ಲೋಡ್ ಗೂಡ್ಸೊಂದು ಒಳಬರುತ್ತಿತ್ತು. "ಈಗ ನೋಡು. ಪವರ್ ಯಾವಾಗ್ಲೋ ತೆಗೆದಾನೆ. ಬಂಡಿ ತಾನೇ ಬರ್ತೈತೆ. ಬ್ರೇಕು ಬೇರೆ ಕೆಲ್ಸ." ಎಂಜಿನ್ನಿನಲ್ಲಿ ಇಡೀ ಗಾಡಿಯ ಬ್ರೇಕಿಗೆ ಎ-9 ಎಂಬ ಹಿಡಿ, ಎಂಜಿನ್ನಿಗೆ ಮಾತ್ರ ಎಸ್‌ಎ-9. ಗಾಡಿಯುದ್ದದ ಪೈಪಿನಲ್ಲಿ ಗಾಳಿಯ ಒತ್ತಡ ಇಳಿದರೆ ಬ್ರೇಕು ಹಿಡಿಯುತ್ತದೆ. ಆ ಇಳಿತ ಕೊನೆಯ ವ್ಯಾಗನ್ನಿಗೆ ತಲುಪಲು ಹೊತ್ತು ಬೇಕು, ಮತ್ತೆ ಗಾಳಿ ತುಂಬಿ ಬ್ರೇಕು ಬಿಡಲು ಇನ್ನೂ ಹೆಚ್ಚು ಹೊತ್ತು. ಅವಸರದಲ್ಲಿ ಹಿಡಿದರೆ ಹಿಂದಿನ ವ್ಯಾಗನ್ನುಗಳು ಮುಂದಿನವನ್ನು ಗುದ್ದುತ್ತವೆ. ಇದನ್ನು ಹೇಳುವಾಗ ಅವರ ಬಲಗೈ ಗಾಳಿಯಲ್ಲೇ ಹಿಡಿಯನ್ನು ಚೂರು ಚೂರೇ ಸರಿಸುತ್ತಿತ್ತು.

ನಾನು ತಪ್ಪಿದ್ದು ಅಲ್ಲಿಯೇ. ಒಂದೇ ಗುಂಡಿಯಲ್ಲಿ ಪವರನ್ನೂ ಬ್ರೇಕನ್ನೂ ಇಟ್ಟುಕೊಂಡಿದ್ದೆ. 24 ಸೆಕೆಂಡು ಎಂದು ಮೊದಲೇ ಬರೆದಿಟ್ಟ ಮೇಲೆ ಓಡಿಸುವವನಿಗೆ ಉಳಿಯುವ ಕೆಲಸವೇನು? ಮನೆಗೆ ಬಂದವನೇ ಸಿವಿ 4ನ್ನು 200ಕ್ಕೆ ಏರಿಸಿದೆ. ಈಗ ಥ್ರಾಟಲ್, ಅಂದರೆ ವೇಗದ ಗುಂಡಿಯನ್ನು, ಸೊನ್ನೆಗೆ ತಂದರೂ ರೈಲು ಮೂರು ನಿಮಿಷ ತಾನೇ ಉರುಳುತ್ತದೆ, ಎರಡೂವರೆ ಸುತ್ತಿಗಿಂತ ಹೆಚ್ಚು. ನಿಲ್ಲಿಸಲು ಡಿಕೋಡರ್‌ನ ಬ್ರೇಕ್ ಸೌಲಭ್ಯವನ್ನು ಪ್ರತ್ಯೇಕ ಫಂಕ್ಷನ್ ಕೀಲಿಗೆ ಕೊಟ್ಟೆ. ಒತ್ತಿ ಹಿಡಿದಷ್ಟು ಹೊತ್ತು ಬ್ರೇಕು, ಬಿಟ್ಟರೆ ಮತ್ತೆ ಉರುಳು. ಎಲ್ಲ ಡಿಕೋಡರ್‌ಗಳಲ್ಲೂ ಇದಿಲ್ಲ, ಕೊಳ್ಳುವ ಮೊದಲು ವಿಚಾರಿಸಿ. ತುರ್ತು ನಿಲುಗಡೆಯ ಕೀಲಿ ಈ ಯಾವ ಅಂಕಿಗೂ ಕಾಯುವುದಿಲ್ಲ, ಆದ್ದರಿಂದ ಗಾಬರಿ ಬೇಡ. ಶಂಟಿಂಗಿಗೆ ಮಾತ್ರ ಹೀಗೆ ತಾನೇ ಉರುಳುವ ಸಂವೇಗವನ್ನು ಪೂರ್ತಿ ತೆಗೆದುಹಾಕುವ ಇನ್ನೊಂದು ಕೀಲಿ ಇಟ್ಟುಕೊಂಡಿದ್ದೇನೆ, ಇಲ್ಲವಾದರೆ ವ್ಯಾಗನ್ ಜೋಡಿಸುವುದೇ ಕಷ್ಟ.

ಹಳಿಯನ್ನು ಒರೆಸಿಡುವುದು ಮೊದಲಿಗಿಂತ ಮುಖ್ಯವಾಗಿದೆ. ಇಲ್ಲಿನ ಧೂಳಿನಲ್ಲಿ ಒಂದು ಕ್ಷಣ ಕರೆಂಟು ತಪ್ಪಿದರೂ ಭಾರದ ಭ್ರಮೆಯೆಲ್ಲ ಒಡೆದುಹೋಗುತ್ತದೆ.

ಮುಂದಿನ ಭಾನುವಾರ ಥ್ರಾಟಲನ್ನು ಯಜಮಾನರ ಕೈಗೆ ಕೊಟ್ಟೆ. ಮೊದಲ ಎರಡು ಸಲ ಸಿಗ್ನಲ್ ದಾಟಿತು. ಮೂರನೆಯ ಸಲ ಒಂದು ಸುತ್ತು ಮುಂಚೆಯೇ ಪವರ್ ತೆಗೆದರು, ಬ್ರೇಕನ್ನು ಮೂರು ಬಾರಿ ಚೂರು ಚೂರೇ ಒತ್ತಿ ಬಿಟ್ಟರು. ಎಂಜಿನ್ ಸಿಗ್ನಲ್ಲಿಗೆ ಒಂದು ಗೇಣು ಹಿಂದೆ, ಸದ್ದಿಲ್ಲದೆ ನಿಂತಿತು.

"ಈಗ ಲೋಡ್ ಐತೆ," ಎಂದರು. "ಎಂಪ್ಟಿ ಬಂಡಿ ಹೆಂಗ್ ಮಾಡ್ತಿ, ತೋರ್ಸು."

ಸಿವಿ 23, 24 ಅದಕ್ಕೆಂದೇ ಇವೆ, ಸಿವಿ 3, 4ರ ಮೂಲ ಅಂಕಿಗೆ ಕೂಡಿಸಲು, ಕಳೆಯಲು. ಈ ವಾರ ರಾತ್ರಿ ಊಟವಾದ ಮೇಲೆ ಕೂತು ಅದನ್ನೇ ಹೊಂದಿಸುತ್ತಿದ್ದೇನೆ.